ಮಾತು ಬಿಟ್ಟದ್ದು ಯಾರು ಎಂದು ಬರೆದುಕೊಳ್ಳಿ

ಮೂಡುಬಿದಿರೆ, 14-11-1961

ಪ್ರೀತಿಯ ಅಕ್ಕ,

ನಾನು, ನನ್ನ ಪ್ರಶ್ನಾವಳಿ ಇಬ್ಬರೂ ಕ್ಷೇಮ. ಬಿ.ಎ. ತರಗತಿಯ ಅಧ್ಯಯನಕ್ಕಾಗಿ ಇಲ್ಲಿ ಮನೆಮನೆಗೂ ಹೋಗಿ, ಜನ ಎಷ್ಟು ಸುಖವಾಗಿದ್ದಾರೆ ಎಂದು ಕೇಳುತ್ತಿದ್ದೇನೆ. ನಿನ್ನೆ ಜವಳಿ ಅಂಗಡಿಯ ಪುಷ್ಪರಾಜರ ಮನೆಯಲ್ಲಿ, "ಕಷ್ಟ ಬಂದರೆ ಮೊದಲು ಯಾರಿಗೆ ಹೇಳುತ್ತೀರಿ?" ಎಂದು ಕೇಳಿದೆ.

"ಹೆಂಡತಿಗೆ. ಆದರೆ ನಮಗೆ ಮಾತಿಲ್ಲದೆ ಎರಡು ವರ್ಷ ಆಯಿತು," ಎಂದರು.

ಒಳಗಿನಿಂದ ಅವರ ಹೆಂಡತಿ ಕಮಲಾವತಿಯಮ್ಮನ ಸ್ವರ ಬಂತು: "ಮಾತು ಬಿಟ್ಟದ್ದು ಅವರು. ಅದನ್ನೂ ಬರೆದುಕೊಳ್ಳಿ. ನನ್ನ ತಮ್ಮನ ಮದುವೆಗೆ ಧಾರೆ ಮುಗಿದ ಮೇಲೆ ಊಟಕ್ಕೆ ಬಂದವರು."

"ಬಸ್ಸು ಕೆಟ್ಟಿತ್ತು ಅಂತ ಬರೆಯಿರಿ."

"ಅದನ್ನು ಅವತ್ತೇ ಹೇಳಬಹುದಿತ್ತಲ್ಲ, ಕೇಳಿ ಅವರನ್ನು."

ನಾನು ಕೇಳುವ ಮೊದಲೇ ಪುಷ್ಪರಾಜರು ಬಾಗಿಲ ಕಡೆ ತಿರುಗಿ, "ನೀನು ಕೇಳಲೇ ಇಲ್ಲ ಮಾರಾಯ್ತಿ," ಎಂದರು. ಆಮೇಲೆ ಒಂದು ಗಂಟೆ ನನ್ನನ್ನು ಮರೆತು ಇಬ್ಬರೂ ಜೋರಾಗಿ ಜಗಳವಾಡಿದರು. ಕೊನೆಗೆ ಕಮಲಾವತಿಯಮ್ಮ ಕಣ್ಣೊರೆಸಿಕೊಂಡು ಮೂವರಿಗೂ ಅವಲಕ್ಕಿ ತಂದಿಟ್ಟರು. 'ಮಾತಿಲ್ಲದ ದಂಪತಿ' ಎಂದು ಬರೆದದ್ದನ್ನು ನಾನು ಹೊಡೆದುಹಾಕಬೇಕಾಯಿತು. ಇಂದು ಬೆಳಿಗ್ಗೆ ಅವರ ಪಕ್ಕದ ಮನೆಯವರು ಬಂದು, "ಆ ಕಾಗದ ಹಿಡ್ಕೊಳ್ಳಿ, ನಮ್ಮ ಅಣ್ಣನಲ್ಲಿಗೂ ಒಮ್ಮೆ ಹೋಗುವ," ಎಂದು ನಿಂತಿದ್ದಾರೆ. ಅದಕ್ಕೇ ಈ ಅವಸರ.

ಕುಚ್ಚಲಕ್ಕಿ ಗಂಜಿ ಹೊಟ್ಟೆಗೆ ಒಗ್ಗಿದೆ, ಕೆಮ್ಮು ಹೋಗಿದೆ ಎಂದು ಅಮ್ಮನಿಗೆ ಹೇಳು. ನಾನು ಹಟ ಮಾಡಿ ಇಲ್ಲಿಗೆ ಹೊರಟಂದಿನಿಂದ ಅಪ್ಪ ನನ್ನೊಂದಿಗೆ ಮಾತಾಡಿಲ್ಲವಲ್ಲ, ಈ ಕಾರ್ಡನ್ನು ಅವರ ಕುರ್ಚಿಯ ಮೇಲೆ ಮರೆತವಳಂತೆ ಇಟ್ಟುಬಿಡು.

ನಿನ್ನ ತಂಗಿ,
ವಿಶಾಲಾಕ್ಷಿ