ಎರಡನೆಯ ಬಾರಿ ಕೇಳಿದ ಪ್ರಶ್ನೆ

ಸಿಗ್ಸಿಗ್
9 ಜೂನ್ 2011

ಪ್ರೀತಿಯ ಎಲಾಡಿಯೊ,

ನಮ್ಮ ಮದುವೆ ಆಗಿಯೇ ಇಲ್ಲವೆಂದು ಘೋಷಿಸಬೇಕೆಂಬ ನಿನ್ನ ಅರ್ಜಿಯನ್ನು ಕುಯೆಂಕಾದ ಚರ್ಚಿನ ಧರ್ಮಪೀಠ ವಿಚಾರಣೆಗೆ ತೆಗೆದುಕೊಂಡಿದೆ. ನಿನ್ನೆ ಅಲ್ಲಿನ ಗುಮಾಸ್ತೆ ಪಿಯೆದಾದ್ ಅಮ್ಮ ತಿಳಿಸಿದರು. ಕಾರಣವನ್ನೂ ಓದಿ ಹೇಳಿದರು: ಮದುವೆಯ ದಿನವೇ ನಿನಗೆ ಬೇರೆ ಯಾರಿಗೂ ಕೇಳದ ದನಿಗಳು ಕೇಳುತ್ತಿದ್ದವು, ಆದ್ದರಿಂದ ನೀನು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಮೂರನೆಯ ಸಲ ಆಸ್ಪತ್ರೆಯಿಂದ ಹೊರಬಂದವನು ನೇರ ತಾಯಿಯ ಮನೆಗೆ ಹೋದಾಗಲೇ ನನಗೆ ತಿಳಿಯಬೇಕಿತ್ತು. "ಅವಳಿಗಿನ್ನೂ ಮೂವತ್ತೊಂದು. ಹುಚ್ಚನ ಕಾವಲು ಎಷ್ಟು ದಿನ ಕಾಯ್ತಾಳೆ? ಬಿಟ್ಟು ಬದುಕ್ಲಿ" ಅಂದೆಯಂತೆ. ನಿನ್ನ ತಾಯಿ ಸಂತೆಯಲ್ಲಿ ಹೇಳಿಕೊಂಡು ಅತ್ತರು. ಅಂದು ಹೆಣೆಯುತ್ತಿದ್ದ ಟೋಪಿಯ ಅಂಚನ್ನು ಎರಡು ಸಲ ಬಿಚ್ಚಿದೆ.

ನನ್ನ ಹೇಳಿಕೆಯನ್ನೂ ಕೇಳಿದ್ದಾರೆ. ಮೊದಲು ಸುಳ್ಳು ಹೇಳೋಣ ಅಂದುಕೊಂಡೆ. ಮದುವೆಯ ದಿನ ನೀನು ಚೆನ್ನಾಗಿದ್ದೆ ಎಂದರೆ ಸಾಕು, ಮದುವೆ ಉಳಿಯಬಹುದು. ಆದರೆ ಹೇಳಿಕೆ ಕೊಡುವುದು ಬೈಬಲ್ಲಿನ ಮೇಲೆ ಕೈಯಿಟ್ಟು.

ಅಂದು ಚರ್ಚಿನಲ್ಲಿ, ಸ್ವಂತ ಇಚ್ಛೆಯಿಂದ ಬಂದಿದ್ದೀಯಾ ಎಂದು ಪಾದ್ರಿ ಕೇಳಿದಾಗ ನೀನು ಸುಮ್ಮನಿದ್ದೆ. ಅವರು ಮತ್ತೆ ಕೇಳಿದರು. ಹಿಂದಿನ ಬೆಂಚಿನಿಂದ ನಿನ್ನ ಸೋದರಮಾವ, "ಸೇತುವೆ ಕಂಡ್ರೆ ಕತ್ತೆನೂ ಒಂದು ಗಳಿಗೆ ನಿಲ್ತದೆ, ತಡೀರಿ ಫಾದರ್!" ಎಂದ. ಇಡೀ ಚರ್ಚು ನಕ್ಕಿತು. ನಾನು ನಗಲಿಲ್ಲ. ನೀನು ಯಾವುದಕ್ಕೆ ಕಿವಿಗೊಟ್ಟಿದ್ದೆ ಎಂದು ನನಗೆ ಗೊತ್ತಿತ್ತು. ಮೂರು ದಿನ ಮುಂಚೆ ಹೊಳೆಯ ಹತ್ತಿರ ನೀನೇ ಎಲ್ಲ ಹೇಳಿದ್ದೆ. ಪಾದ್ರಿಗೂ ಹೇಳುತ್ತೇನೆ ಎಂದು ಹೊರಟಿದ್ದೆ. "ಬೇಡ ಕಣೋ, ಮದುವೆ ಊಟಕ್ಕೆ ಹಂದಿ ಕೂಡ ಕೊಯ್ದಾಗಿದೆ" ಎಂದು ತಡೆದವಳು ನಾನು.

ಪಾದ್ರಿ ಎರಡನೆಯ ಬಾರಿ ಕೇಳಿದಾಗ ನಾನು ನಿನ್ನ ಕೈ ಹಿಂಡಿದೆ. ಆಗ ನೀನು ಹೌದು ಎಂದೆ. ಆ ಹೌದಿನಲ್ಲಿ ನಿನ್ನದೆಷ್ಟು, ನನ್ನ ಕೈಯದೆಷ್ಟು, ದೇವರೇ ಬಲ್ಲ. ಹನ್ನೊಂದು ವರ್ಷ ಇದನ್ನು ಪಾಪನಿವೇದನೆಯಲ್ಲೂ ಹೇಳಲಿಲ್ಲ. ಈಗ ಹೇಳುತ್ತೇನೆ. ಮದುವೆ ಹೋದರೆ ಹೋಗಲಿ.

ರಾತ್ರಿಯ ಮಾತ್ರೆ ತಪ್ಪಿಸಬೇಡ.

ಇವತ್ತಿನ ಮಟ್ಟಿಗೆ ನಿನ್ನ ಹೆಂಡತಿ,
ಜೆನೊವೇವಾ

ಮರೆತ ಮಾತು: ಮದುವೆ ರದ್ದಾದ ಮೇಲೆ ಅದೇ ಗಂಡಸನ್ನು ಮತ್ತೆ ಮದುವೆಯಾಗಬಹುದೇ ಎಂದು ಪಿಯೆದಾದ್ ಅಮ್ಮನನ್ನು ಕೇಳಿದೆ. "ಬಿಡಿಸ್ಕೊಳ್ಳೋಕೆ ಬರೋರನ್ನ ದಿನಾ ನೋಡ್ತೀನಿ ತಾಯಿ. ಬಿಡಿಸಿದ್ಮೇಲೆ ಅವನನ್ನೇ ಕಟ್ಕೋತೀನಿ ಅನ್ನೋಳು ನೀನೊಬ್ಬಳೇ!" ಎಂದು ನಕ್ಕರು. ಆಮೇಲೆ ಬಿಷಪ್ಪರ ಅಪ್ಪಣೆ, ವೈದ್ಯರ ಪತ್ರ, ಇಬ್ಬರ ಸಹಿ ಬೇಕೆಂದರು. ಮರುಮದುವೆಯ ಅರ್ಜಿ ಇದರ ಜೊತೆಗಿದೆ. ನನ್ನ ಸಹಿ ಹಾಕಿದ್ದೇನೆ. ನಿನ್ನ ಜಾಗ ಖಾಲಿ ಇದೆ. ಈ ಸಲ ಕೈ ಹಿಂಡಲು ನಾನು ಪಕ್ಕದಲ್ಲಿಲ್ಲ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಹೇಳಿಕೆ, ಹನ್ನೊಂದಕ್ಕೆ ನಿನ್ನದು.