ಮೂರು ಬನ್ನು, ಒಂದು ವಾಚು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 7.12

ಐದು ಕಿಲೋಮೀಟರ್. 41 ನಿಮಿಷ 20 ಸೆಕೆಂಡ್. ಕಾಲು ಸರಿ, ಉಸಿರು ಸರಿ, ಮೂಡು ಮಾತ್ರ ಹಾಳು. ಗೇಟಿನಲ್ಲೇ ಮಗಳು, ಸೊಂಟದ ಮೇಲೆ ಕೈ.

“ಒಂದೋ ಜಿಪಿಎಸ್ ವಾಚು ಕಟ್ಕೊಂಡು ಓಡಿ, ಇಲ್ಲಾ ಟೆರೇಸ್ ಮೇಲೆ ಓಡಿ. ಇನ್ನು ಬೀದಿ ಬೀದಿ ಹುಡುಕ್ಕೊಂಡು ಬರೋಕೆ ನನ್ನ ಕೈಲಾಗಲ್ಲ.”

ಕಳೆದ ಶುಕ್ರವಾರದ ಸಿಟ್ಟು. ಎರಡು ಗಂಟೆ ತಡವಾಗಿ ಬಂದಿದ್ದೆ. ಪಾರ್ಕಿನ ಹಿಂದೆ ಅವಿತು ನಿನ್ನ ಫಜೀತಿ ನೋಡ್ತಿದ್ದೆ ಅಂದೆ. ಬೈದಳು, ನಂಬಿದಳು. ನಂಬದೆ ಏನು? ಕ್ರೀಡಾಂಗಣದಲ್ಲಿ ಮೂವತ್ತೈದು ವರ್ಷ ಟೈಮ್‌ಕೀಪರ್ ಆಗಿದ್ದು, ರಿಟೈರಾದ ದಿನ ಸಾಹೇಬರ ಭಾಷಣದ ನಡುವೆ ಓಟದ ಪಿಸ್ತೂಲು ಹಾರಿಸಿದವನು ನಾನು.

ಗಡಿಯಾರವಂತೆ. ಗಡಿ ಯಾರದು? ಹಾಕುವವಳು ಅವಳು. ಎಪ್ಪತ್ತೆರಡಕ್ಕೆ ನನಗೆ ಕೈಕೋಳ!

ಮಾರ್ಚ್ 5, ಗುರುವಾರ. ಸಂಜೆ

ವಾಚಿನ ಅಂಗಡಿ. ತಲೆ ಇನ್ನೂ ಕುದಿಯುತ್ತಿದೆ.

ಅಂಗಡಿಯವನು ಮೂರು ತೆಗೆದಿಟ್ಟ. ಮೊದಲನೆಯದು ಓಡಿದ ದೂರ, ದಾರಿ ಹೇಳುತ್ತದೆ, ಅಷ್ಟೇ. ಎರಡನೆಯದರಲ್ಲಿ ಹಾಡೂ ತುಂಬಬಹುದು, ಅಂಗಡಿಯ ಮಷೀನಿಗೆ ಮಣಿಕಟ್ಟು ತಾಗಿಸಿದರೆ ದುಡ್ಡೂ ಹೋಗುತ್ತದೆ. ಮೂರನೆಯದರಲ್ಲಿ ಇದೆಲ್ಲದರ ಮೇಲೆ ಸಿಮ್ಮು. ನಾನೆಲ್ಲಿದ್ದೇನೆ ಅಂತ ಮಗಳು ಅಡುಗೆಮನೆಯಲ್ಲಿ ನಿಂತೇ ನೋಡಬಹುದು. ಅಲ್ಲಿಂದಲೇ ಬೈಯಬಹುದು.

“ಇದೇ ಕೊಡಿ,” ಅಂದಳು.

“ಅದನ್ನ ನೀನೇ ಕಟ್ಕೋ. ಕೊರಳಿಗೆ ಗಂಟೆ ಕಟ್ಟೋಕೆ ನಾನೇನು ಹಸುವಾ?”

“ಅಪ್ಪಾ, ಜನ ನೋಡ್ತಿದ್ದಾರೆ.”

“ನೋಡ್ಲಿ ಬಿಡು. ನೋಡೋಕೇ ತಾನೆ ನೀನು ಇಷ್ಟು ದುಡ್ಡು ಸುರೀತಿರೋದು?”

ಹೆಬ್ಬೆರಳಿಗೆ ಎಂಜಲು ಹಚ್ಚಿ ಮೂರನೆಯದರ ಗಾಜು ಒತ್ತಿದೆ. ಕಮಕ್ ಕಿಮಕ್ ಅನ್ನಲಿಲ್ಲ. ಬೆವರಿದ ಕೈಗೆ ಬಗ್ಗದ ವಾಚು ಓಡುವವನಿಗೆ ಯಾಕೆ? ಎರಡನೆಯದರ ಪಕ್ಕದಲ್ಲಿ ಐದು ಗುಂಡಿ. ಒತ್ತಿದರೆ ಟಕ್ ಅಂತ ಬೆರಳಿಗೇ ಗೊತ್ತಾಗುತ್ತದೆ. ಹಾಡು ಅದರಲ್ಲೇ, ದುಡ್ಡು ಅದರಲ್ಲೇ. ಅಂದರೆ ಫೋನು ಮನೆಯಲ್ಲಿ, ನಾನು ರೋಡಿನಲ್ಲಿ, ಮಗಳ ಕಾಲ್ ಬರುವುದಿಲ್ಲ! ಇದನ್ನು ಜೋರಾಗಿ ಹೇಳಲಿಲ್ಲ.

“ತಾತ, ಹಾಡು ಹಾಕ್ಕೊಂಡು ಓಡಿದ್ರೆ ಬ್ಯಾಟರಿ ಬೇಗ ಇಳಿದುಹೋಗುತ್ತೆ,” ಅಂದ ಅಂಗಡಿಯವನು.

“ನಂದೂ ಹಾಗೇ ಕಣಯ್ಯಾ.”

ಅರ್ಧ ಗಂಟೆ ಜಗಳ. ಕೊನೆಗೆ ಎರಡನೆಯದು. ಅವಳ ಷರತ್ತು ಎರಡು. ದುಡ್ಡಿನ ಮೆಸೇಜು ಅವಳ ಫೋನಿಗೆ ಬರಬೇಕು. ಇನ್ನೊಂದು ಸಲ ಎಲ್ಲಾದರೂ ಮಾಯವಾದರೆ ಒಂಟಿ ಓಟ ಬಂದ್.

ಮಾರ್ಚ್ 7, ಶನಿವಾರ. ಬೆಳಿಗ್ಗೆ

4.6 ಅನ್ನುತ್ತದೆ ಈ ವಾಚಾಳಿ ವಾಚು. ಐದು ಅಲ್ಲವಂತೆ. ಹತ್ತು ವರ್ಷದಿಂದ ನಾನು ಓಡುವ ದಾರಿ! ಮೈದಾನಕ್ಕೆ ಸುಣ್ಣದ ಗೆರೆ ಎಳೆಸಿದವನು ನಾನು, ಮೊನ್ನೆ ಡಬ್ಬದಿಂದ ಬಂದ ನೀನು ನನಗೆ ಹೇಳುತ್ತೀಯಾ? ಕಿತ್ತೆಸೆಯೋಣ ಅನ್ನಿಸಿತು. ಆದರೆ ಕಿವಿಯಲ್ಲಿ ಹಾಡು ಚೆನ್ನಾಗಿತ್ತು. ಮೂಲೆಯ ಬೇಕರಿಯಲ್ಲಿ ಕಾಫಿ, ಬನ್ನು. ಮಣಿಕಟ್ಟು ತಾಗಿಸಿದೆ... ಟಿಂಗ್.

“ಏನ್ ಸರ್, ಬರಿಗೈಲಿ ಬಂದು ತಿಂದ್ಹೋಗ್ತೀರಾ?” ಅಂದಳು ಬೇಕರಿಯವಳು.

“ಬರೀ ಕೈಯಲ್ಲಮ್ಮಾ, ಬರೆ ಬಿದ್ದ ಕೈ.”

ನಕ್ಕಳು. ಮನೆಯಲ್ಲಿ ಯಾರೂ ನಗುವುದಿಲ್ಲ.

ಮಾರ್ಚ್ 19, ಗುರುವಾರ. ಸಂಜೆ 6.40

ಪೆನ್ನು ಒತ್ತಿ ಪುಟ ಹರಿಯಿತು. ಸಿಟ್ಟಿಗೆ.

ಮಧ್ಯಾಹ್ನ ಮಗಳು ಫೋನು ಮುಖಕ್ಕೆ ಹಿಡಿದಳು. ಬೇಕರಿಯದು ಇವತ್ತು ಮೂರು ಮೆಸೇಜು. 6.31, 6.49, 7.06. ಮೂರೂ ಸಲ ಒಂದು ಕಾಫಿ, ಒಂದು ಬನ್ನಿನ ದುಡ್ಡು.

“ವಯಸ್ಸಾದೋರು ಅಂತ ಮೂರು ಸಲ ದುಡ್ಡು ಎಳ್ಕೊಂಡಿದ್ದಾಳೆ ಅಪ್ಪಾ.”

ಐದು ಗಂಟೆಗೆ ಬೇಕರಿಗೆ ನುಗ್ಗಿದೆ. ನಾಲ್ಕು ಜನ ಗಿರಾಕಿಗಳ ಮುಂದೆ ಕಳ್ಳಿ ಅಂದೆ. ಬನ್ ಮಾರಿ ಬಂಗಲೆ ಕಟ್ತೀಯಾ ಅಂದೆ. ಅವಳ ಮುಖ ಕೆಂಪಾಯಿತು.

“ನೀವೇ ಮೂರು ಸಲ ಬಂದ್ರಿ ಸರ್. ಮೂರು ಸಲಾನೂ ‘ಬೋಣಿ ಆಯ್ತೇನಮ್ಮಾ’ ಅಂದ್ರಿ. ನಿಮ್ ತಮಾಷೆ ಗೊತ್ತಲ್ವಾ, ನಾನೂ ನಗ್ತಾ ಕೊಟ್ಟೆ. ಕೊನೇ ಬನ್ನು ಅರ್ಧ ಬಿಟ್ಟಿದ್ರಿ. ಈಗ ನೋಡಿದ್ರೆ ಎಲ್ಲರ ಮುಂದೆ ಕಳ್ಳಿ ಅಂತೀರಾ?”

ಸುಳ್ಳು. ಒಂದೇ ಸಲ ಹೋಗಿದ್ದೆ. ಒಂದೇ ಸಲ.

ಮನೆಗೆ ಬಂದು “ಒಪ್ಕೊಂಡ್ಳು, ನಾಳೆ ವಾಪಸ್ ಕೊಡ್ತಾಳಂತೆ” ಅಂದುಬಿಟ್ಟೆ. ಯಾಕೆ ಹಾಗಂದೆನೋ.

ಮಾರ್ಚ್ 20, ಶುಕ್ರವಾರ

ಓಡಲಿಲ್ಲ. ಬಾಗಿಲು ಹಾಕಿಕೊಂಡು ನಿನ್ನೆಯ ದಾರಿಯನ್ನು ವಾಚಿನಲ್ಲೇ ತೆಗೆದೆ. ಗೆರೆ ಮನೆಯಿಂದ ಹೊರಟು ಬೇಕರಿಗೆ ಹೋಗುತ್ತದೆ. ಅಲ್ಲಿಂದ ಬ್ಯಾಂಕಿನ ಸುತ್ತು, ಮತ್ತೆ ಬೇಕರಿ. ಮತ್ತೆ ಬ್ಯಾಂಕು, ಮತ್ತೆ ಬೇಕರಿ. ಗಾಣದ ಎತ್ತಿನ ಹಾಗೆ.

ಕ್ರೀಡಾಂಗಣದಲ್ಲಿ ಓಟ ಮುಗಿಯುವ ಗೆರೆಯ ಹತ್ತಿರ ಒಬ್ಬ ಓಟಗಾರನಿಗೆ ನಾವು ಮೂವರು ನಿಲ್ಲುತ್ತಿದ್ದೆವು, ಮೂರು ವಾಚು ಹಿಡಿದು. ಎರಡು ವಾಚು ಒಂದೇ ಹೇಳಿದರೆ ಅದೇ ಟೈಮು. ಮೂರನೆಯದನ್ನು ಬಿಡಬೇಕು. ಹಿಡಿದವನು ಎಷ್ಟೇ ಸೀನಿಯರ್ ಆಗಿರಲಿ, ಎಷ್ಟೇ ಕಿರುಚಲಿ. ಕಿರುಚಿದವರನ್ನು ಎಷ್ಟು ಗೇಲಿ ಮಾಡಿದ್ದೇನೆ ನಾನು...

ವಾಚು ಮೂರು ಸಲ ಅನ್ನುತ್ತದೆ. ಬೇಕರಿಯವಳೂ ಮೂರು ಸಲ ಅನ್ನುತ್ತಾಳೆ. ನಾನೊಬ್ಬನೇ ಒಂದು.

ಎರಡು ಗಂಟೆ ತಡವಾದ ಆ ಶುಕ್ರವಾರ ಪಾರ್ಕಿನ ಹಿಂದೆ ಅವಿತಿರಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ನಿಂತಿದ್ದೆ. ಎಡವೋ ಬಲವೋ ತಿಳಿಯಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಏನಂತ ಕೇಳುವುದು? ನಮ್ಮ ಮನೆ ಎಲ್ಲಿದೆ ಅಂತಲೇ?

ಹಾಳಾದ ತಲೆ. ಇದಕ್ಕೆ ಗ್ಯಾರಂಟಿ ಕಾರ್ಡೂ ಇಲ್ಲ.

ಮಾರ್ಚ್ 23, ಸೋಮವಾರ. ಬೆಳಿಗ್ಗೆ 6.05

ಮಗಳು ಬೀದಿಯ ಗ್ರೂಪಿಗೆಲ್ಲ ಮೆಸೇಜು ಹಾಕಿದ್ದಾಳೆ. ಮೂಲೆ ಬೇಕರಿಯಲ್ಲಿ ಮೋಸ, ನಮ್ಮ ತಂದೆಗೇ ಹೀಗಾಯಿತು, ಯಾರೂ ಹೋಗಬೇಡಿ. ನಿನ್ನೆ ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದೆ. ಭಾನುವಾರ ಕ್ಯೂ ಇರುತ್ತಿದ್ದ ಜಾಗ ಖಾಲಿ. ಟ್ರೇ ತುಂಬ ಬನ್ನು. ನನ್ನನ್ನು ಕಂಡು ಬೇಕರಿಯವಳು ಒಳಗೆ ಹೋದಳು. ಮಗಳ ಮೇಲೆ ಸಿಟ್ಟು ಬಂತು. ಆಮೇಲೆ ಯಾರ ಮೇಲೆ ಬರಬೇಕಿತ್ತೋ ಅವನ ಮೇಲೆ ಬಂತು.

ಹೇಳಿದರೆ ಒಂಟಿ ಓಟ ಮುಗಿಯಿತು. ಹೇಳದಿದ್ದರೆ ಅವಳ ಅಂಗಡಿ ಮುಗಿಯಿತು.

6.30

ಅಡುಗೆಮನೆಗೆ ಹೋಗಿ ಹೇಳಿದೆ.

“ಆ ಹೆಂಗಸಿನದ್ದು ತಪ್ಪಿಲ್ಲ. ನಾನೇ ಮೂರು ಸಲ ತಿಂದಿದ್ದು. ಗ್ರೂಪಲ್ಲಿ ಹಾಕು, ನಮ್ಮಪ್ಪನದೇ ತಪ್ಪು ಅಂತ.”

ಮಗಳು ಸೌಟು ಕೆಳಗಿಟ್ಟಳು. “ಅಪ್ಪಾ! ನಿಮ್ಮ ತಮಾಷೆಗೆ ಒಂದು ಮಿತಿ ಬೇಡ್ವಾ? ಪಾಪ, ಅವಳನ್ನ ಎಷ್ಟು ಬೈದೆ ನಾನು. ಎಲ್ಲರ ಹತ್ರ ಈಗ ಏನಂತ ಹೇಳ್ಲಿ?” ಬೈಯುತ್ತಲೇ ನಗು ತಡೆಯಲಾಗದೆ ಒಲೆಯ ಕಡೆ ತಿರುಗಿದಳು. ಅಲ್ಲೇ ನಿಂತು ಗ್ರೂಪಿಗೆ ಕ್ಷಮೆ ಬರೆದಳು.

ಬೇಕರಿ ಉಳಿಯಿತು. ಓಟವೂ ಉಳಿಯಿತು. ಸುಮ್ಮನೆ ಹೊರಗೆ ಬಂದು ಶೂ ಹಾಕಿಕೊಂಡರೆ ಆಯಿತು. ಹಾಕಿಕೊಂಡೆ ಕೂಡ. ಎಡಗಾಲಿನದು ಕಟ್ಟಿ, ಬಲಗಾಲಿನದು ಕಟ್ಟಿ, ಗೇಟಿನವರೆಗೆ ಹೋಗಿ ನಿಂತೆ. ಎಡವೋ, ಬಲವೋ?

ಗೊತ್ತಿತ್ತು. ಇವತ್ತು ಗೊತ್ತಿತ್ತು.

ವಾಪಸ್ ಬಂದು “ತಮಾಷೆ ಅಲ್ಲಮ್ಮಾ” ಅಂದೆ. ಮತ್ತೆ ನಕ್ಕಳು. ಎಷ್ಟು ಸಲ ಅಂದರೂ ನಗುತ್ತಾಳೆ. ಥೂ, ಇಷ್ಟು ವರ್ಷ ನಾನೇ ಕಲಿಸಿದ ನಗು! ಗಂಟಲು ಹರಿಯುವಂತೆ ಕೂಗಿಬಿಟ್ಟೆ. “ಕೈ ತೊಳ್ಕೊಂಡು ಬಾ. ಇದೊಂದು ಓದಬೇಕು ನೀನು.” ಆಗ ಮಾತ್ರ ನಗು ನಿಂತಿತು.

ಬಾಯಲ್ಲಿ ಹೇಳಿದ್ದನ್ನು ನಂಬುವುದಿಲ್ಲ. ಈ ಡೈರಿಯನ್ನೇ ಕೊಡುತ್ತೇನೆ. ಹಿಂದಿನ ಪುಟಗಳಲ್ಲಿ ಅವಳನ್ನು ಬೈದದ್ದೂ ಇದೆ. ಇರಲಿ.

ಬಂದಳು. ಎದುರಿಗೇ ನಿಂತಿದ್ದಾಳೆ. ಕನ್ನಡಕ ಹುಡುಕುತ್ತಿದ್ದಾಳೆ, ಟೇಬಲ್ ಮೇಲೆ, ಕಿಟಕಿಯಲ್ಲಿ, ಫ್ರಿಜ್ಜಿನ ಮೇಲೆ. ಅವಳ ತಲೆಯ ಮೇಲೇ ಇದೆ. ಹೇಳುತ್ತಿಲ್ಲ ನಾನು. ಇನ್ನೊಂದು ನಿಮಿಷ—