ಪ್ರಬಂಧಕ್ಕೆ ಪ್ರವೇಶವಿಲ್ಲದ ಕೋಣೆ

ಇಸವಿ ೨೧೮೭, ಹದಿಮೂರನೆಯ ತಿಂಗಳು. ಗಾಬರಿಯಾಗಬೇಡಿ, ಹನ್ನೆರಡು ತಿಂಗಳಲ್ಲಿ ಪರೀಕ್ಷೆಗಳು ಮುಗಿಯದಾದಾಗ ನಾವೇ ಇನ್ನೊಂದನ್ನು ಸೇರಿಸಿಕೊಂಡೆವು.

ವಿಶ್ವವಿದ್ಯಾಲಯದ ಮಕ್ಕಳ ಇಂಗ್ಲಿಷ್ ಬರವಣಿಗೆಗೆ ಅಂಕ ಕೊಡುವ ನಿಯಮಗಳನ್ನು ರೂಪಿಸಲು ಕುಳಿತಿರುವ ಹಿರಿಯರಿಗೆ, ನಿಮ್ಮ ಕಾಲ ಕಳೆದು ಎಷ್ಟೋ ವರ್ಷಗಳ ಮೇಲೆ ಅದೇ ಪರೀಕ್ಷೆಯ ಮೌಲ್ಯಮಾಪಕಿಯಾಗಿರುವ ನೀಲಗಂಗಮ್ಮನ ನಮಸ್ಕಾರಗಳು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ನಮ್ಮಲ್ಲಿ ಪ್ರತಿ ಪ್ರಬಂಧವನ್ನೂ ಇಬ್ಬರು ಬೇರೆಬೇರೆಯಾಗಿ ಓದಿ ಆರಕ್ಕೆ ಅಂಕ ಕೊಡುತ್ತೇವೆ. ನಾಲ್ಕು ಬಂದರೆ ಪದವಿ. ಇಬ್ಬರ ಅಂಕ ಹೊಂದದಿದ್ದರೆ ‘ಒಮ್ಮತದ ಕೋಣೆ’ಗೆ ಕಳಿಸುತ್ತಾರೆ. ಕಿಟಕಿಯಿಲ್ಲದ ಕೋಣೆ, ಎದುರುಬದುರು ಎರಡು ಕುರ್ಚಿ, ಒಂದು ಹೂಜಿ ನೀರು. ಪ್ರಬಂಧವನ್ನು ಮಾತ್ರ ಒಳಗೆ ತರುವಂತಿಲ್ಲ. ಮತ್ತೆ ಓದಲು ಕುಳಿತರೆ ಹೊತ್ತಾಗುತ್ತದೆ, ಅಂಕಗಳ ಬಗ್ಗೆಯಷ್ಟೇ ಮಾತಾಡಿ ಎಂದು ನಿಯಮ. ಅದನ್ನು ಮಾಡಿದವರು ನೀವು. ಪುಣ್ಯಾತ್ಮರೇ, ಅದೆಷ್ಟು ಹೊತ್ತು ಉಳಿಸಿಕೊಟ್ಟಿರಿ!

ಪದೇ ಪದೇ ಆ ಕೋಣೆ ಸೇರುವವರ ಕೆಲಸ ಹೋಗುತ್ತದೆ. ಹೀಗಾಗಿ ನಮ್ಮವರು ಓದುವುದನ್ನು ಬಿಟ್ಟು, ಜೊತೆಗಾರ ಎಷ್ಟು ಕೊಟ್ಟಾನು ಎಂದು ಊಹಿಸುವುದನ್ನು ಕಲಿತರು. ಎಲ್ಲರೂ ಬರೆಯುವಂಥದ್ದಕ್ಕೆ ಕಣ್ಣುಮುಚ್ಚಿ ನಾಲ್ಕು, ಬೇರೆ ಥರದ್ದಕ್ಕೆ ಮೂರು. ಮಕ್ಕಳೇನು ದಡ್ಡರೇ? ಈಗ ಊರೂರಲ್ಲೂ ‘ಅಚ್ಚುಮನೆ’ಗಳಿವೆ; ಅಲ್ಲಿ ಪ್ರಬಂಧವನ್ನು ಬಾಯಿಪಾಠ ಮಾಡಿಸುತ್ತಾರೆ. ‘ನೀವು ಒಬ್ಬರಿಗೆ ಸಹಾಯ ಮಾಡಿದ ಪ್ರಸಂಗ’ ಎಂದರೆ ಅಜ್ಜನನ್ನು ರಸ್ತೆ ದಾಟಿಸಬೇಕು, ಅಜ್ಜ ಹರಸಬೇಕು, ಬರೆದವರು ಒಂದು ಪಾಠ ಕಲಿಯಬೇಕು. ನಾವು ಓದಿದ ಅಜ್ಜಂದಿರೆಲ್ಲ ಒಟ್ಟಿಗೆ ರಸ್ತೆಗಿಳಿದರೆ ಒಂದು ಬಸ್ಸೂ ಮುಂದೆ ಹೋಗಲಾರದು.

ಈ ಸಲ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಅದೇ ಪ್ರಶ್ನೆಗೆ ಹಾಸ್ಟೆಲಿನ ಗೆಳತಿ ಹುಲಿಗೆಮ್ಮನ ಜ್ವರದ ಬಗ್ಗೆ ಬರೆದಿದ್ದಾಳೆ. ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಗಂಜಿ ಕುಡಿಸಿದ್ದು, ಆಂಬುಲೆನ್ಸಿಗೆ ಕಾದು ಕಾದು ಅದು ಬಾರದೆ ಹೋದದ್ದು. ಹುಲಿಗೆಮ್ಮ ಸಾಯುತ್ತಾಳೆ. ಹರಸುವವರೂ ಇಲ್ಲ, ಪಾಠವೂ ಇಲ್ಲ. ಓದುವಾಗ ನನಗೆ ಅಳು ತಡೆಯಲಾಗಲಿಲ್ಲ. ಆರು ಕೊಟ್ಟೆ. ಜೊತೆಗಾರ ಶಂಕ್ರಪ್ಪನವರು ಮೂರು ಕೊಟ್ಟಿದ್ದರು. ಮೊದಲ ಸಾಲಿನಲ್ಲಿ ಅಜ್ಜ ಕಾಣಿಸಲಿಲ್ಲವೆಂದು ಅವರು ಮುಂದೆ ಓದಲೇ ಇಲ್ಲವಂತೆ.

ಈಗ ಆ ಕೋಣೆಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಶಂಕ್ರಪ್ಪನವರು ಕೆಟ್ಟವರಲ್ಲ. ನಾನು ಹುಲಿಗೆಮ್ಮನ ವಿಷಯ ತೆಗೆದ ಕೂಡಲೇ ಕಿವಿ ಮುಚ್ಚಿಕೊಂಡರು. “ಬ್ಯಾಡ್ರೀ ಅಕ್ಕಾರ, ಹೇಳಬ್ಯಾಡ್ರಿ. ಕೇಳಿದ್ರ ನನ್ನ ಬಾಯಾಗ ಮೂರು ಅನ್ನೂದು ಬರಂಗಿಲ್ಲ. ಅಚ್ಚಿಲ್ಲದ್ದಕ್ಕ ನಾಲ್ಕು ಕೊಡಾಕ ಹತ್ತಿದ್ರ ಮತ್ತ ಮತ್ತ ಈ ಕೋಣಿಗೇ ಬರಬೇಕಾಗ್ತದ, ಇಬ್ಬರನ್ನೂ ಮನಿಗೆ ಕಳಿಸ್ತಾರ” ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಒಮ್ಮತವಾಗದಿದ್ದರೆ ಹುಡುಗಿಗೆ ಸೊನ್ನೆ. ಮತ್ತೆಂದೂ ಪರೀಕ್ಷೆಗೆ ಕೂರುವಂತಿಲ್ಲ. ಮೂರಾದರೆ ಬರುವ ವರ್ಷ ಇನ್ನೊಮ್ಮೆ ಬರೆಯಬಹುದು. ಹಿರಿಯರೇ, ನಿಮ್ಮಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ: ಇಬ್ಬರ ನಡುವೆ ಆ ಪ್ರಬಂಧವನ್ನೂ ಇಡಿ. ಹೊತ್ತಾದರೆ ಆಗಲಿ.

ಬಾಗಿಲು ಬಡಿಯುತ್ತಿದ್ದಾರೆ. ನಾನು ಮೂರು ಎನ್ನಲಿದ್ದೇನೆ. ಹುಡುಗಿ ಅಚ್ಚುಮನೆ ಸೇರುತ್ತಾಳೆ. ಬರುವ ವರ್ಷದ ಪ್ರಬಂಧದಲ್ಲಿ ಆಂಬುಲೆನ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ, ಹುಲಿಗೆಮ್ಮ ಎದ್ದು ಕುಳಿತು ಅವಳನ್ನು ಹರಸುತ್ತಾಳೆ, ನಾವಿಬ್ಬರೂ ನಾಲ್ಕು ಕೊಡುತ್ತೇವೆ.